ಮೂವರು ವಾಕರ್ ಅಲ್ಲ, ಒಬ್ಬರೇ

ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದುತ್ತಿದ್ದಾಗ ನಮಗೆ ಯೂಲ್–ವಾಕರ್ ಸಮೀಕರಣಗಳು ಎಂಬ ಪಾಠವಿತ್ತು. ಹಿಂದಿನ ವರ್ಷಗಳ ಅಂಕಿಗಳನ್ನು ಇಟ್ಟುಕೊಂಡು ಮುಂದಿನದನ್ನು ಅಂದಾಜು ಮಾಡುವ ಲೆಕ್ಕ ಅದು. ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದರಿಂದ ಉರು ಹೊಡೆದಿದ್ದೆ. ಈ ವಾಕರ್ ಯಾರು ಅಂತ ನಾನೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಓದು ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಿ ಶುರು ಮಾಡಿದಾಗ ಭೂಗೋಳದ ಪುಸ್ತಕದಲ್ಲಿ ಎರಡನೆಯ ವಾಕರ್ ಸಿಕ್ಕರು. ಪೆಸಿಫಿಕ್ ಸಾಗರದ ಮೇಲೆ ಗಾಳಿ ಸುತ್ತುವ ಒಂದು ಚಕ್ರಕ್ಕೆ ವಾಕರ್ ಪರಿಚಲನೆ ಎಂದು ಹೆಸರು. ನಾಲ್ಕು ಆಯ್ಕೆಯ ಪ್ರಶ್ನೆಗೆ ಬೇಕಾದಷ್ಟು ಓದಿ ಪುಟ ಮಗುಚಿದೆ. ಮೂರನೆಯ ವಾಕರ್ ಸಿಕ್ಕಿದ್ದು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜೀವನ ಓದುವಾಗ. ಮದ್ರಾಸ್ ಬಂದರಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ಅವರಿಗೆ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿವೇತನ ಕೊಡಿಸಲು ಒಬ್ಬ ಇಂಗ್ಲಿಷ್ ಅಧಿಕಾರಿ ಪತ್ರ ಬರೆದಿದ್ದರು. ಅವರ ಹೆಸರೂ ವಾಕರ್.

ಈ ಮೂವರೂ ಒಬ್ಬರೇ ಅಂತ ನನಗೆ ಗೊತ್ತಾಗಿದ್ದು 2023ರ ಬರದ ವರ್ಷ. ನಮ್ಮದು ಚಳ್ಳಕೆರೆ ಕಡೆ. ಆ ಸಲ ಆಶ್ಲೇಷ, ಮಖೆ ಎರಡೂ ಮಳೆ ಕೈಕೊಟ್ಟವು. ಹೊಲದಲ್ಲಿ ಶೇಂಗಾ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೆಲ ಬಿರುಕು ಬಿಟ್ಟಿತ್ತು. ಟಿವಿಯಲ್ಲಿ ದಿನವೂ ಎಲ್ ನಿನೊ ಎಂಬ ಮಾತು. ಎಲ್ಲೋ ದೂರದ ಸಮುದ್ರ ಬಿಸಿಯಾದರೆ ನಮ್ಮ ಹೊಲಕ್ಕೆ ಯಾಕೆ ಮಳೆ ಬರುವುದಿಲ್ಲ ಅಂತ ಅಪ್ಪ ಕೇಳಿದರು. ಎಂ.ಎಸ್ಸಿ. ಮಾಡಿದ ಮಗ, ಎಲ್ ನಿನೊ ಅಂದರೇನು ಎಂಬ ಪ್ರಶ್ನೆಗೆ ಸರಿಯುತ್ತರ ಗುರುತು ಹಾಕಬಲ್ಲವನು, ಅಪ್ಪನಿಗೆ ಅರ್ಥವಾಗುವ ಹಾಗೆ ಒಂದು ಮಾತು ಹೇಳಲಾಗಲಿಲ್ಲ. ಆ ನಾಚಿಕೆಗೆ ಹುಡುಕುತ್ತಾ ಹೋದೆ. ಸಿಕ್ಕಿದ್ದು ಗಿಲ್ಬರ್ಟ್ ಥಾಮಸ್ ವಾಕರ್ ಅವರ ಬದುಕು.

ಬೂಮರಾಂಗ್ ಎಸೆಯುತ್ತಿದ್ದ ಮೇಷ್ಟ್ರು

ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ರಾಚ್‌ಡೇಲ್ ಎಂಬ ಊರಿನಲ್ಲಿ. ತಂದೆ ಎಂಜಿನಿಯರ್. ಹುಡುಗ ಓದಿನಲ್ಲಿ ಜಾಣ, ಸ್ಕಾಲರ್‌ಶಿಪ್ ಮೇಲೆ ಸ್ಕಾಲರ್‌ಶಿಪ್ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದ. 1889ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗನಾದ. ಆ ಕಾಲದಲ್ಲಿ ಸೀನಿಯರ್ ರ‍್ಯಾಂಗ್ಲರ್ ಅನ್ನಿಸಿಕೊಳ್ಳುವುದೆಂದರೆ ದೇಶಕ್ಕೇ ಗೊತ್ತಾಗುವ ಗೌರವ.

ಆದರೆ ಅಷ್ಟು ಓದಿದ ಮೈ ಮನಸ್ಸು ಎರಡೂ ದಣಿದಿದ್ದವು. ಮರುವರ್ಷವೇ ಆರೋಗ್ಯ ಕೆಟ್ಟಿತು. ಚೇತರಿಸಿಕೊಳ್ಳಲು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆದರು. ಅಲ್ಲಿ ಹಿಮದ ಮೇಲೆ ಸ್ಕೇಟಿಂಗ್ ಕಲಿತರು, ಆ ಹುಚ್ಚು ಕೊನೆವರೆಗೂ ಬಿಡಲಿಲ್ಲ. ವಾಪಸು ಬಂದು ಟ್ರಿನಿಟಿಯಲ್ಲೇ ಪಾಠ ಹೇಳತೊಡಗಿದರು. ಗಣಿತದ ಜೊತೆಗೆ ಅವರಿಗೆ ಇದ್ದ ಆಸಕ್ತಿಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಕೊಳಲಿನ ರಚನೆ, ಹಕ್ಕಿಗಳು ರೆಕ್ಕೆ ಬಡಿಯದೆ ತೇಲುವ ಬಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬೂಮರಾಂಗ್. ಎಸೆದವನ ಹತ್ತಿರಕ್ಕೇ ಸುತ್ತಿ ಬರುವ ಆ ಮರದ ತುಂಡನ್ನು ಕಾಲೇಜಿನ ಹಿಂದಿನ ಹುಲ್ಲುಗಾವಲಿನಲ್ಲಿ ಎಸೆಯುತ್ತಾ ನಿಲ್ಲುತ್ತಿದ್ದರು. ಅದರ ಚಲನೆಯ ಗಣಿತವನ್ನು 1897ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಗೆಳೆಯರು ಬೂಮರಾಂಗ್ ವಾಕರ್ ಎಂದೇ ಕರೆಯುತ್ತಿದ್ದರು.

ವಿದ್ಯುತ್ಕಾಂತ ಕ್ಷೇತ್ರದ ಕೆಲಸಕ್ಕೆ ಕೇಂಬ್ರಿಜ್‌ನ ಆಡಮ್ಸ್ ಬಹುಮಾನವೂ ಬಂತು. ಗಮನಿಸಿ, ಇಷ್ಟರಲ್ಲಿ ಎಲ್ಲಿಯೂ ಮಳೆಯ ಮಾತಿಲ್ಲ. ಹವಾಮಾನಶಾಸ್ತ್ರದಲ್ಲಿ ಅವರಿಗೆ ಅನುಭವವೇ ಇರಲಿಲ್ಲ. ಹಾಗಿದ್ದೂ 1903ರಲ್ಲಿ ಭಾರತದ ಹವಾಮಾನ ಇಲಾಖೆಗೆ ಕರೆ ಬಂತು. 1904ರಲ್ಲಿ ಅದರ ಮುಖ್ಯಸ್ಥರಾದರು. ಆಗ ಅವರಿಗೆ 35 ವರ್ಷ.

ಇಲಾಖೆಯ ಮುಂದಿದ್ದ ಪ್ರಶ್ನೆ

ಗಣಿತದ ಮೇಷ್ಟ್ರನ್ನು ಮಳೆ ಇಲಾಖೆಗೆ ಯಾಕೆ ಕರೆದರು ಎಂಬುದಕ್ಕೆ ಕಾರಣವಿದೆ. 1876–78ರ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಕ್ಷಾಮ ಎನ್ನುತ್ತಿದ್ದರು, ಧಾತು ಮತ್ತು ಈಶ್ವರ ಎರಡು ಸಂವತ್ಸರಗಳ ಹೆಸರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಸಂಖ್ಯೆ ಎಂಟು ಲಕ್ಷ ಕಡಿಮೆಯಾಗಿತ್ತು. ಮಳೆ ಒಂದೇ ಕಾರಣವಲ್ಲ. ಜನ ಸಾಯುತ್ತಿದ್ದಾಗಲೂ ಈ ದೇಶದ ಧಾನ್ಯ ಹಡಗು ಹತ್ತಿ ಹೋಗುತ್ತಿತ್ತು. ಆದರೆ ಮೊದಲ ಪೆಟ್ಟು ಕೊಟ್ಟಿದ್ದು ಮಳೆಯೇ.

ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂಬುದನ್ನು ಗಮನಿಸಿ, ಆ ಆಧಾರದ ಮೇಲೆ ಮುನ್ಸೂಚನೆ ಆರಂಭಿಸಿದವರು. ಅವರ ನಂತರ ಬಂದ ಜಾನ್ ಎಲಿಯಟ್ ಇನ್ನೂ ಹಲವು ಅಂಶಗಳನ್ನು ಸೇರಿಸಿದರು. ಆದರೆ 1899ರಲ್ಲಿ ಅವರ ಮುನ್ಸೂಚನೆ ತಲೆಕೆಳಗಾಯಿತು, ಮತ್ತೊಂದು ಘೋರ ಬರ ಬಂತು. ಪತ್ರಿಕೆಗಳು ಟೀಕಿಸಿದವು. ಕೆಲವು ವರ್ಷ ಮುನ್ಸೂಚನೆಯನ್ನು ಸರ್ಕಾರದೊಳಗೇ ಗುಟ್ಟಾಗಿ ಇಡಬೇಕಾಯಿತು.

ಇಂಥ ಹೊತ್ತಿನಲ್ಲಿ ವಾಕರ್ ಬಂದರು. ಅವರ ಮುಂದಿದ್ದ ಪ್ರಶ್ನೆ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದೇಶಕ್ಕೆ ಮಳೆ ಹೇಗೆ ಬರುತ್ತದೆ ಅಂತ ಮೇ ತಿಂಗಳಲ್ಲೇ ಹೇಳಬಹುದೇ? ನಮ್ಮ ದೇಶದ ವರ್ಷದ ಮಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಈ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಅಪ್ಪ ನನ್ನನ್ನು ಕೇಳಿದ್ದೂ ಹೆಚ್ಚೂಕಡಿಮೆ ಇದೇ ಪ್ರಶ್ನೆ.

ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ

ವಾತಾವರಣ ಅಂದರೆ ಗಾಳಿ, ಆವಿ, ಬಿಸಿಲು, ಭೂಮಿಯ ತಿರುಗುವಿಕೆ ಎಲ್ಲ ಕಲಸಿಹೋದ ಗೋಜಲು. ಅದನ್ನು ಬರಿ ಸೂತ್ರದಿಂದ ಬಿಡಿಸುವುದು ಆಗಿನ ಕಾಲಕ್ಕೆ ಆಗದ ಕೆಲಸ ಎಂದು ವಾಕರ್ ಬೇಗ ಅರ್ಥಮಾಡಿಕೊಂಡರು. ಹಾಗಾಗಿ ಬೇರೆ ದಾರಿ ಹಿಡಿದರು. ಯಾಕೆ ಎಂಬುದು ಆಮೇಲೆ ನೋಡೋಣ, ಮೊದಲು ಯಾವುದರ ಜೊತೆ ಯಾವುದು ಏರಿಳಿಯುತ್ತದೆ ಎಂದು ನೋಡೋಣ ಎಂಬ ದಾರಿ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಹಸಂಬಂಧ ಅನ್ನುತ್ತೇವೆ. ಎರಡು ಸಂಗತಿಗಳು ಪೂರ್ತಿ ಒಟ್ಟಿಗೇ ಏರಿಳಿದರೆ ಅದರ ಬೆಲೆ 1. ಒಂದು ಏರಿದಾಗ ಇನ್ನೊಂದು ಅಷ್ಟೇ ಇಳಿದರೆ ಮೈನಸ್ 1. ಒಂದಕ್ಕೊಂದು ಇಂಥ ನಂಟೇ ಇಲ್ಲದಿದ್ದರೆ ಸೊನ್ನೆ. ನಾವು ಇವತ್ತು ಎಕ್ಸೆಲ್‌ನಲ್ಲಿ ಒಂದು ಗುಂಡಿ ಒತ್ತಿ ಇದನ್ನು ಪಡೆಯುತ್ತೇವೆ. ವಾಕರ್ ಕಾಲದಲ್ಲಿ ಹಾಗಿರಲಿಲ್ಲ. ನಲವತ್ತು ವರ್ಷದ ಅಂಕಿ ಇದ್ದರೆ ಮೊದಲು ಸರಾಸರಿ ತೆಗೆಯಬೇಕು, ಪ್ರತಿ ವರ್ಷದ ವ್ಯತ್ಯಾಸ ಬರೆಯಬೇಕು, ವರ್ಗ ಮಾಡಬೇಕು, ಗುಣಿಸಬೇಕು, ಕೂಡಿಸಬೇಕು, ವರ್ಗಮೂಲ ತೆಗೆದು ಭಾಗಿಸಬೇಕು. ಆಮೇಲೆ ಸಿಗುವುದು ಒಂದೇ ಒಂದು ಸಂಖ್ಯೆ. ವಾಕರ್‌ಗೆ ಬೇಕಾಗಿದ್ದು ಅಂಥ ನೂರಾರು ಸಂಖ್ಯೆಗಳು.

ಈ ಲೆಕ್ಕ ಮಾಡಿದವರು ಶಿಮ್ಲಾದ ಕಚೇರಿಯಲ್ಲಿದ್ದ ಭಾರತೀಯ ಗುಮಾಸ್ತರು. ಇಲಾಖೆಯ ಮುಖ್ಯ ಕಚೇರಿ ಆಗ ಅಲ್ಲಿತ್ತು. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಆಫ್ರಿಕ, ಪೆಸಿಫಿಕ್ ದ್ವೀಪಗಳು ಹೀಗೆ ಎಲ್ಲೆಲ್ಲಿಂದಲೋ ಬಂದ ವಾಯುಭಾರ, ಮಳೆ, ಉಷ್ಣಾಂಶದ ಅಂಕಿಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ಕೂತು ಕೂಡಿ ಕಳೆದರು. ಮೊದಲ ಮಹಾಯುದ್ಧದ ವರ್ಷಗಳಲ್ಲೂ ಈ ಕೆಲಸ ನಡೆಯಿತು. ಪಠ್ಯಪುಸ್ತಕದಲ್ಲಿ ವಾಕರ್ ಹೆಸರಷ್ಟೇ ಉಳಿದಿದೆ, ಆ ಗುಮಾಸ್ತರದ್ದು ಇಲ್ಲ. ಇವತ್ತು ಡೇಟಾ ಎಂಟ್ರಿ ಕೆಲಸ ಅಂತ ಮೂಗು ಮುರಿಯುವಾಗ ನನಗೆ ಅವರ ನೆನಪಾಗುತ್ತದೆ.

ಇಲ್ಲಿ ವಾಕರ್ ತೋರಿಸಿದ ಎಚ್ಚರ ನನ್ನಂಥ ವಿದ್ಯಾರ್ಥಿಗೆ ದೊಡ್ಡ ಪಾಠ. ನಮ್ಮ ಹಾಸ್ಟೆಲಿನ ನೂರು ಹುಡುಗರಿಗೆ ಹತ್ತು ಸರಿ–ತಪ್ಪು ಪ್ರಶ್ನೆ ಕೊಟ್ಟು, ಕಣ್ಣುಮುಚ್ಚಿ ಗುರುತು ಹಾಕಲು ಹೇಳಿ. ಲೆಕ್ಕದ ಪ್ರಕಾರ ಸುಮಾರು ಒಬ್ಬನಿಗಾದರೂ ಹತ್ತಕ್ಕೆ ಒಂಬತ್ತೋ ಹತ್ತೋ ಅಂಕ ಬರುತ್ತದೆ. ಅವನೇನೂ ಓದಿರುವುದಿಲ್ಲ, ಅದು ಅದೃಷ್ಟ. ಹಾಗೆಯೇ ನೂರು ಊರಿನ ವಾಯುಭಾರವನ್ನು ಮುಂಗಾರಿನ ಜೊತೆ ಹೋಲಿಸಿದರೆ ಒಂದೆರಡು ಊರು ಸುಮ್ಮನೆ ಹೊಂದಿಕೊಂಡುಬಿಡುತ್ತವೆ. ಹುಡುಕಾಟ ದೊಡ್ಡದಾದಷ್ಟೂ ಸುಳ್ಳು ಹೊಂದಿಕೆ ಸಿಗುವ ಸಾಧ್ಯತೆ ಹೆಚ್ಚು ಎಂದು ವಾಕರ್ 1914ರಲ್ಲೇ ಎಚ್ಚರಿಸಿ, ಅದನ್ನು ಜರಡಿ ಹಿಡಿಯಲು ಒಂದು ಅಳತೆಯನ್ನೂ ಕೊಟ್ಟರು. ಸೂರ್ಯನ ಕಲೆಗಳಿಗೂ ಮಳೆಗೂ ನಂಟಿದೆ ಎಂದು ಆಗ ಬಹಳ ಜನ ನಂಬಿದ್ದರು. ವಾಕರ್ ಲೆಕ್ಕ ಹಾಕಿ ನೋಡಿದರು, ಅಂಥ ಬಲವಾದ ನಂಟು ಕಾಣಲಿಲ್ಲ.

ಗುಮಾಸ್ತನಿಗಾಗಿ ಒಂದು ಪತ್ರ

1913ರ ಫೆಬ್ರುವರಿಯಲ್ಲಿ ವಾಕರ್ ಕೆಲಸದ ಮೇಲೆ ಮದ್ರಾಸಿಗೆ ಬಂದಿದ್ದರು. ಬಂದರು ಟ್ರಸ್ಟಿನ ಮುಖ್ಯಸ್ಥ ಫ್ರಾನ್ಸಿಸ್ ಸ್ಪ್ರಿಂಗ್ ತಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿಗೆ ದುಡಿಯುತ್ತಿದ್ದ ಯುವಕನೊಬ್ಬನ ಗಣಿತದ ಕೆಲಸವನ್ನು ತೋರಿಸಿದರು. ಎಫ್.ಎ. ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೇಲಾದ, ಡಿಗ್ರಿ ಇಲ್ಲದ ಹುಡುಗ. ಅವರೇ ರಾಮಾನುಜನ್.

ವಾಕರ್ ಮರುದಿನವೇ, ಫೆಬ್ರುವರಿ 26ರಂದು, ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಆ ಪತ್ರದ ಪ್ರಾಮಾಣಿಕತೆ ನೋಡಿ. ಗಣಿತದ ಈ ಕವಲಿನಲ್ಲಿ ತಾವು ಪರಿಣತರಲ್ಲ ಎಂದು ಒಪ್ಪಿಕೊಂಡರು. ಕೆಲಸದಲ್ಲಿ ಅಚ್ಚುಕಟ್ಟು ಕಡಿಮೆ ಎಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಅದರ ಹೊಸತನ ಕೇಂಬ್ರಿಜ್ ಕಾಲೇಜಿನ ಫೆಲೋ ಒಬ್ಬರ ಮಟ್ಟದ್ದು ಎಂದರು. ಹೊಟ್ಟೆಪಾಡಿನ ಚಿಂತೆ ಇಲ್ಲದೆ ಕೆಲವು ವರ್ಷ ಬರೀ ಗಣಿತದಲ್ಲೇ ತೊಡಗಲು ಈ ಯುವಕನಿಗೆ ವಿಶ್ವವಿದ್ಯಾಲಯ ಅನುವು ಮಾಡಿಕೊಡುವುದು ಖಂಡಿತ ಸರಿ ಎಂದು ಶಿಫಾರಸು ಮಾಡಿದರು. 1913ರ ಮೇ 1ರಿಂದ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಸಿಕ್ಕಿತು. ಇದಕ್ಕೆ ಬೇರೆಯವರ ಪ್ರಯತ್ನವೂ ಇತ್ತು, ಕೇಂಬ್ರಿಜ್‌ನ ಹಾರ್ಡಿ ಅವರ ಬೆಂಬಲವೂ ಇತ್ತು. ಆದರೂ ವಾಕರ್ ಅವರ ಮಾತಿಗೆ ತೂಕವಿತ್ತು. ಮಾರ್ಕ್ಸ್ ಕಾರ್ಡ್ ನೋಡಿ ಕಳಿಸಿಬಿಡದೆ ಕೆಲಸ ನೋಡಿ ಬರೆಯುವ ಒಬ್ಬ ಅಧಿಕಾರಿ ಸಿಕ್ಕಿದರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಕೆಲಸ ಹುಡುಕುವ ನಮ್ಮಂಥವರು ಈ ಪ್ರಸಂಗವನ್ನು ಎರಡೆರಡು ಸಲ ಓದುತ್ತೇವೆ.

ದೊಡ್ಡ ತಕ್ಕಡಿ

ಇತ್ತ ಲೆಕ್ಕ ಮುಂದುವರಿದಿತ್ತು. ವಾಕರ್ ಮೂರು ದೊಡ್ಡ ಏರಿಳಿತಗಳನ್ನು ಗುರುತಿಸಿದರು. ಒಂದು ಉತ್ತರ ಅಟ್ಲಾಂಟಿಕ್‌ನದು, ಒಂದು ಉತ್ತರ ಪೆಸಿಫಿಕ್‌ನದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಹೆಚ್ಚಿದ್ದಾಗ ಹಿಂದೂ ಮಹಾಸಾಗರದ ಕಡೆ ಕಡಿಮೆ ಇರುತ್ತದೆ. ಇಲ್ಲಿ ಹೆಚ್ಚಾದರೆ ಅಲ್ಲಿ ಇಳಿಯುತ್ತದೆ. ಎರಡು ಮಹಾಸಾಗರಗಳನ್ನು ಎರಡು ತಟ್ಟೆ ಮಾಡಿಕೊಂಡ ಒಂದು ತಕ್ಕಡಿಯ ಹಾಗೆ. ಇದರ ಸುಳಿವು ಬೇರೆ ವಿಜ್ಞಾನಿಗಳಿಗೆ ಮೊದಲೇ ಸಿಕ್ಕಿತ್ತು. ಆದರೆ ಅದರ ಪೂರ್ತಿ ಹರಹನ್ನು ಅಂಕಿಗಳಲ್ಲಿ ತೋರಿಸಿ, 1924ರ ಪ್ರಬಂಧದಲ್ಲಿ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟವರು ವಾಕರ್. ಪೆಸಿಫಿಕ್ ಕಡೆಯ ತಟ್ಟೆಯಲ್ಲಿ ಭಾರ ಹೆಚ್ಚಿದ್ದ ವರ್ಷ ನಮ್ಮಲ್ಲಿ ಮುಂಗಾರು ಚೆನ್ನಾಗಿರುತ್ತದೆ, ಕಡಿಮೆಯಾದ ವರ್ಷ ಸೊರಗುವ ಸಾಧ್ಯತೆ ಹೆಚ್ಚು ಎಂಬುದೂ ಕಂಡಿತು.

ಇಡೀ ದೇಶಕ್ಕೆ ಒಂದೇ ಮುನ್ಸೂಚನೆ ಸರಿಯಲ್ಲ ಎಂದು ಪರ್ಯಾಯ ದ್ವೀಪ, ವಾಯವ್ಯ ಭಾರತ, ಈಶಾನ್ಯ ಭಾರತ ಎಂದು ಬೇರೆ ಬೇರೆಯಾಗಿ ನೋಡಿದವರೂ ಅವರೇ. ಅವರು ಕಟ್ಟಿದ ಸೂತ್ರಗಳ ಮೇಲೆ ಇಲಾಖೆ ಎಷ್ಟೋ ದಶಕ ಮುನ್ಸೂಚನೆ ಕೊಟ್ಟಿತು.

ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಇಲ್ಲ. ಅವರು ಇಲ್ಲಿದ್ದಾಗಲೇ, 1918ರಲ್ಲಿ, ದೇಶದ ಮುಂಗಾರು ಸುಮಾರು ಕಾಲು ಭಾಗ ಕಡಿಮೆಯಾಯಿತು. ಅದೇ ವರ್ಷ ಇನ್‌ಫ್ಲುಯೆಂಜಾ ಊರೂರು ಗುಡಿಸಿಹಾಕಿತು. ಮುಂದೆ ವರ್ಷಗಳು ಕಳೆದಂತೆ ವಾಕರ್ ಆರಿಸಿದ್ದ ಹಲವು ಸೂಚಕಗಳು ಬಲ ಕಳೆದುಕೊಂಡವು. ವಿಚಿತ್ರವೆಂದರೆ, ದಕ್ಷಿಣದ ಆಂದೋಲನ ಗಟ್ಟಿಯಾಗಿ ತಿಳಿಯುವುದು ಮುಂಗಾರು ಮುಗಿಯುತ್ತ ಬಂದಾಗ. ಅಂದರೆ ಮುಂಗಾರು ನೋಡಿ ಮುಂದಿನ ತಿಂಗಳುಗಳಲ್ಲಿ ಬೇರೆ ದೇಶಗಳ ಹವೆ ಹೇಗಿರುತ್ತದೆ ಎನ್ನಬಹುದಿತ್ತು, ಮುಂಗಾರನ್ನೇ ಮೊದಲು ಹೇಳುವುದು ಕಷ್ಟವಾಗಿತ್ತು.

1924ರಲ್ಲಿ ವಾಕರ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಸರ್ ಪದವಿ ಸಿಕ್ಕಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹತ್ತು ವರ್ಷ ಪ್ರಾಧ್ಯಾಪಕರಾಗಿದ್ದರು. ಬ್ಲಿಸ್ ಎಂಬ ಸಹೋದ್ಯೋಗಿಯ ಜೊತೆ ಜಗತ್ತಿನ ಹವೆಯ ಬಗ್ಗೆ ಪ್ರಬಂಧಮಾಲೆ ಬರೆದರು. ನಾನು ಉರು ಹೊಡೆದಿದ್ದ ಸಮೀಕರಣ ಹುಟ್ಟಿದ್ದೂ ಈ ಅವಧಿಯಲ್ಲೇ. ಯೂಲ್ 1927ರಲ್ಲಿ ಸೂರ್ಯನ ಕಲೆಗಳಿಗಾಗಿ ಶುರು ಮಾಡಿದ್ದ ವಿಧಾನವನ್ನು ವಾಕರ್ 1931ರಲ್ಲಿ ಬೆಳೆಸಿ, ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ವಾಯುಭಾರಕ್ಕೆ ಹಚ್ಚಿ ನೋಡಿದರು. ಅಂದರೆ ನನ್ನ ಪಠ್ಯದ ಆ ಒಣ ಸಮೀಕರಣದ ಹಿಂದೆ ಇದ್ದದ್ದು ಮಳೆಯ ಪ್ರಶ್ನೆಯೇ.

ಬಹಳ ಜನ ವಿಜ್ಞಾನಿಗಳಿಗೆ ವಾಕರ್ ಅವರ ಕೆಲಸದ ಮೇಲೆ ಅನುಮಾನವಿತ್ತು. ಅಷ್ಟು ದೂರದ ಎರಡು ಜಾಗಗಳು ಯಾಕೆ ಒಟ್ಟಿಗೆ ಏರಿಳಿಯಬೇಕು, ಅವನ್ನು ಕಟ್ಟಿರುವ ಹಗ್ಗ ಯಾವುದು ಎಂದು ಕೇಳಿದರೆ ವಾಕರ್ ಬಳಿ ಉತ್ತರವಿರಲಿಲ್ಲ. 1958ರ ನವೆಂಬರ್ 4ರಂದು, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆಗ ಬಂದ ಶ್ರದ್ಧಾಂಜಲಿ ಲೇಖನವೂ ಈ ಕೆಲಸದಿಂದ ಜಗತ್ತಿನ ಹವೆಯ ಸಿದ್ಧಾಂತವೊಂದು ಹುಟ್ಟುವ ಹಾಗೆ ಕಾಣುವುದಿಲ್ಲ ಎಂಬ ಧಾಟಿಯಲ್ಲೇ ಇತ್ತು.

ಹಗ್ಗ ಇದ್ದದ್ದು ಕಡಲಿನಲ್ಲಿ

ವಾಕರ್ ಕೈಯಲ್ಲಿ ಇಲ್ಲದೇ ಇದ್ದದ್ದು ಒಂದು ಮುಖ್ಯ ಅಂಕಿ, ಪೆಸಿಫಿಕ್ ಸಾಗರದ ನಡುಭಾಗದ ನೀರಿನ ಉಷ್ಣಾಂಶ. ನೆಲದ ಮೇಲೆ, ದ್ವೀಪಗಳಲ್ಲಿ ವಾಯುಭಾರ ಅಳೆಯುವವರಿದ್ದರು. ಆ ವಿಶಾಲ ಸಾಗರದ ನೀರನ್ನು ವರ್ಷವಿಡೀ ಅಳೆಯುವವರು ಇರಲಿಲ್ಲ.

ದಕ್ಷಿಣ ಅಮೆರಿಕದ ಪೆರು ದೇಶದ ಬೆಸ್ತರಿಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು. ಅವರ ಕರಾವಳಿಯ ನೀರು ತಣ್ಣಗಿರುತ್ತದೆ, ಮೀನು ಹೇರಳ. ಕ್ರಿಸ್‌ಮಸ್ ಹೊತ್ತಿಗೆ ಬೆಚ್ಚನೆಯ ನೀರಿನ ಹರಿವೊಂದು ಬರುತ್ತದೆ. ಅದಕ್ಕೆ ಬಾಲಯೇಸುವಿನ ಹೆಸರಿಟ್ಟು ಎಲ್ ನಿನೊ ಎಂದು ಕರೆದರು. ಕೆಲವು ವರ್ಷ ಆ ಬಿಸಿ ಅತಿಯಾಗಿ, ತಿಂಗಳುಗಟ್ಟಲೆ ನಿಂತು, ಮೀನು ಮಾಯವಾಗುತ್ತಿತ್ತು. 1892ರಲ್ಲೇ ಪೆರುವಿನ ನಾವಿಕ ಕ್ಯಾಮಿಲೊ ಕರಿಲೊ ಇದನ್ನು ಬರೆದಿಟ್ಟರು. ಶಿಮ್ಲಾದ ಅಂಕಿಗಳಿಗೂ ಪೆರುವಿನ ಬೆಸ್ತರ ಮಾತಿಗೂ ನಂಟಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

1957ರ ಜುಲೈಯಿಂದ 1958ರ ಡಿಸೆಂಬರ್‌ವರೆಗೆ ಹಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಭೂಭೌತ ವರ್ಷ ಎಂದು ಆಚರಿಸಿ ಭೂಮಿ, ಕಡಲು, ಗಾಳಿಯನ್ನು ಒಟ್ಟಾಗಿ ಅಳೆದವು. ಅದೇ ಹೊತ್ತಿಗೆ ಬಲವಾದ ಎಲ್ ನಿನೊ ಬಂತು. ನೀರಿನ ಬಿಸಿ ಪೆರು ತೀರದಲ್ಲಷ್ಟೇ ಅಲ್ಲ, ಸಾವಿರಾರು ಕಿಲೋಮೀಟರ್ ದೂರ ಪೆಸಿಫಿಕ್ ನಡುವಿನವರೆಗೂ ಹಬ್ಬಿತ್ತು. ವಾಕರ್ ತೀರಿಕೊಂಡದ್ದು ಈ ಅಳತೆಗಳು ನಡೆಯುತ್ತಿದ್ದ ಅವಧಿಯಲ್ಲೇ. ಅವರ ಪ್ರಶ್ನೆಯ ಉತ್ತರ ಆಗಷ್ಟೇ ದಾಖಲಾಗುತ್ತಿತ್ತು.

ಅದನ್ನು ಬಿಡಿಸಿ ಹೇಳಿದವರು ನಾರ್ವೆ ಮೂಲದ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಯಾಕೋಬ್ ಬ್ಯರ್ಕ್‌ನೆಸ್. 1966 ಮತ್ತು 1969ರ ಪ್ರಬಂಧಗಳಲ್ಲಿ ಕಡಲಿನ ಬಿಸಿ ಮತ್ತು ವಾಕರ್ ಕಂಡ ತಕ್ಕಡಿ ಒಂದೇ ಯಂತ್ರದ ಎರಡು ಭಾಗ ಎಂದು ತೋರಿಸಿದರು. ನಾನು ಅಪ್ಪನಿಗೆ ಹೇಳಿದ್ದು ಹೀಗೆ. ಬೋಗುಣಿಯಲ್ಲಿ ಬಿಸಿ ಹಾಲಿದೆ, ಒಂದು ಕಡೆಯಿಂದ ಊದುತ್ತಿದ್ದೀರಿ ಅಂದುಕೊಳ್ಳಿ. ಕೆನೆ ಆಚೆ ದಂಡೆಗೆ ಸರಿದು ಗುಡ್ಡೆಯಾಗುತ್ತದೆ. ಹಾಗೆ ಪೆಸಿಫಿಕ್ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸಿ, ಬೆಚ್ಚನೆಯ ಮೇಲ್ನೀರನ್ನು ಇಂಡೊನೇಷ್ಯಾ ಕಡೆಗೆ ತಳ್ಳಿಟ್ಟಿರುತ್ತದೆ. ಅಲ್ಲಿ ನೀರಿನ ಮಟ್ಟವೇ ಸುಮಾರು ಅರ್ಧ ಮೀಟರ್ ಎತ್ತರ. ಇತ್ತ ಪೆರು ಕಡೆ ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಬಿಸಿನೀರಿನ ಮೇಲೆ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ, ತಣ್ಣೀರಿನ ಮೇಲೆ ಕೆಳಗಿಳಿಯುತ್ತದೆ. ಮೇಲೆ ಹೋಗಿ, ಪೂರ್ವಕ್ಕೆ ಸಾಗಿ, ಕೆಳಗಿಳಿದು, ಮತ್ತೆ ಪಶ್ಚಿಮಕ್ಕೆ ಬರುವ ಈ ಗಾಳಿಯ ಚಕ್ರಕ್ಕೆ ಬ್ಯರ್ಕ್‌ನೆಸ್ ವಾಕರ್ ಪರಿಚಲನೆ ಎಂದು ಹೆಸರಿಟ್ಟರು.

ಊದುವುದು ನಿಧಾನವಾದರೆ ಕೆನೆ ವಾಪಸು ಹರಡುತ್ತದೆ. ಗಾಳಿ ಸೋತ ವರ್ಷ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ. ಅದರ ಜೊತೆ ಮೋಡ ಕಟ್ಟುವ ಜಾಗವೂ ಸರಿಯುತ್ತದೆ. ಗಾಳಿ ಏಳುತ್ತಿದ್ದ ಕಡೆ ಇಳಿಯತೊಡಗುತ್ತದೆ. ಇಳಿಯುವ ಗಾಳಿ ಮೋಡವನ್ನು ಬೆಳೆಯಗೊಡುವುದಿಲ್ಲ. ಅದರ ಒತ್ತಡ ನಮ್ಮ ಮುಂಗಾರಿನವರೆಗೂ ತಟ್ಟುತ್ತದೆ. ಇದೇ ಎಲ್ ನಿನೊ. ಗಾಳಿ ಜೋರಾಗಿ, ತಣ್ಣೀರು ಇನ್ನೂ ಹರಡಿದರೆ ಲಾ ನಿನಾ, ಆಗ ನಮಗೆ ಸಾಮಾನ್ಯವಾಗಿ ಒಳ್ಳೆಯ ಮಳೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಇದು ಮರುಕಳಿಸುತ್ತದೆ. 1877, 1899, 1918, ನಾನು ಮೇಲೆ ಹೇಳಿದ ಮೂರೂ ಬರದ ವರ್ಷಗಳು ಎಲ್ ನಿನೊ ವರ್ಷಗಳೇ ಎಂದು ಈಗ ಗೊತ್ತಾಗಿದೆ.

ಹಾಗಂತ ಎಲ್ಲ ಎಲ್ ನಿನೊ ಬರ ತರುವುದಿಲ್ಲ. 1997ರದ್ದು ಶತಮಾನದ ಅತಿ ಬಲವಾದವುಗಳಲ್ಲೊಂದು, ಆದರೂ ನಮ್ಮ ದೇಶದ ಮಳೆ ಸರಾಸರಿಗಿಂತ ತುಸು ಹೆಚ್ಚೇ ಇತ್ತು. ನಮ್ಮ ಪಕ್ಕದ ಹಿಂದೂ ಮಹಾಸಾಗರದಲ್ಲೂ ಇಂಥದ್ದೇ ಒಂದು ಚಿಕ್ಕ ಏರುಪೇರಿದೆ ಎಂದು 1999ರಲ್ಲಿ ಸಾಜಿ ಮತ್ತು ಸಂಗಡಿಗರು ತೋರಿಸಿದರು. ಪಶ್ಚಿಮದ ನೀರು ಬೆಚ್ಚಗಾಗಿ ಪೂರ್ವದ್ದು ತಣ್ಣಗಾದರೆ ಮುಂಗಾರಿಗೆ ಆಸರೆ. ಆ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋಸ್ವಾಮಿ, ವಿನಯಚಂದ್ರನ್ ಅವರೂ ಇದ್ದರು. ವಾಕರ್ ಕೇಳಿದ ಪ್ರಶ್ನೆಯ ಒಂದು ತುಂಡನ್ನು ಬಿಡಿಸುವುದರಲ್ಲಿ ನಮ್ಮ ರಾಜ್ಯದ ಸಂಸ್ಥೆಯವರ ಪಾಲೂ ಇತ್ತು ಎಂದು ತಿಳಿದಾಗ ನನಗೆ ಖುಷಿಯಾಯಿತು.

ಅಪ್ಪನಿಗೆ ಕೊಟ್ಟ ಉತ್ತರ

2023ರ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದೀಚಿನ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಮ್ಮ ಶೇಂಗಾದಲ್ಲಿ ಬಿತ್ತನೆ ಬೀಜದ ದುಡ್ಡೂ ಹುಟ್ಟಲಿಲ್ಲ. ಆ ವರ್ಷವೇ ನಾನು ಬರೆದ ಎರಡು ಪರೀಕ್ಷೆಗಳ ಫಲಿತಾಂಶವೂ ಬಂತು. ಎರಡರಲ್ಲೂ ಆಯ್ಕೆಯಾಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅಪ್ಪ ಮತ್ತೆ ಕೇಳಿದರು. ಪೆಸಿಫಿಕ್ ತಣ್ಣಗಾಗುತ್ತಿದೆ, ಇಲಾಖೆ ಸರಾಸರಿಗಿಂತ ಹೆಚ್ಚು ಮಳೆ ಎಂದಿದೆ, ಒಳ್ಳೆಯದಾಗುವ ಸಾಧ್ಯತೆ ಹೆಚ್ಚು ಎಂದೆ. ಆದರೆ ಇದು ದೇಶದ ಮಾತು, ನಮ್ಮ ಹೊಲದ ಮಾತಲ್ಲ, ಖಾತ್ರಿ ಕೊಡಲಾರೆ ಎಂದೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಮುಕ್ಕಾಲು ಹೊಲಕ್ಕೆ ಶೇಂಗಾ, ಉಳಿದದ್ದಕ್ಕೆ ನವಣೆ ಅಂದರು. ಕಡಿಮೆ ಮಳೆಗೂ ನವಣೆ ಕೈಬಿಡುವುದಿಲ್ಲ. 2024ರಲ್ಲಿ ದೇಶದ ಮುಂಗಾರು ಸರಾಸರಿಯ ಶೇ 108ರಷ್ಟಾಯಿತು.

ವಾಕರ್ ತಮ್ಮನ್ನು ಯಾವ ಕೆಲಸಕ್ಕೆ ಕರೆಸಿದ್ದರೋ ಅದನ್ನು ಪೂರ್ತಿ ಮಾಡಲಿಲ್ಲ. ಇಪ್ಪತ್ತು ವರ್ಷ ಇಲ್ಲಿದ್ದರೂ ಮುಂಗಾರು ಅವರ ಸೂತ್ರಕ್ಕೆ ಪೂರ್ತಿ ಸಿಗಲಿಲ್ಲ. ಆದರೆ ಕಂಡದ್ದನ್ನು ಕಂಡಷ್ಟೇ ಬರೆದರು, ಗೊತ್ತಿಲ್ಲದ ಕಾರಣವನ್ನು ಗೊತ್ತಿರುವ ಹಾಗೆ ಹೇಳಲಿಲ್ಲ. ಅದಕ್ಕೇ ಬ್ಯರ್ಕ್‌ನೆಸ್ ಕೈಗೆ ಅದು ಉಪಯೋಗಕ್ಕೆ ಬಂತು. ಈಗ ಇಲಾಖೆ ಏಪ್ರಿಲ್‌ನಲ್ಲಿ ಮುನ್ಸೂಚನೆ ಕೊಡುವಾಗ ಮೊದಲು ನೋಡುವುದು ಕಡಲಿನ ಕಡೆಗೇ.

ಈ ಸಲದ ಪರೀಕ್ಷೆಗೆ ಮತ್ತೆ ಓದುತ್ತಿದ್ದೇನೆ. ವಾಕರ್ ಪರಿಚಲನೆಯ ಪುಟವನ್ನು ಈಗ ಬೇಗ ಮಗುಚುವುದಿಲ್ಲ. ಗೆಳೆಯರೇ, ನಿಮ್ಮ ಸಿಲೆಬಸ್ಸಿನಲ್ಲೂ ಹೀಗೆ ಬರೀ ಹೆಸರಾಗಿ ಉಳಿದವರು ಇರುತ್ತಾರೆ. ಒಬ್ಬರ ಬೆನ್ನು ಹತ್ತಿ ನೋಡಿ. ಪ್ರಶ್ನೆಪತ್ರಿಕೆಯಲ್ಲಿ ಬರದಿದ್ದರೂ, ಮನೆಯಲ್ಲಿ ಯಾರಾದರೂ ಕೇಳಿದಾಗ ಹೇಳಲು ಒಂದು ಉತ್ತರ ಸಿಗುತ್ತದೆ.